ಬಲ ಮೇಲ್ತುದಿಯಲ್ಲಿ ಸಣ್ಣ ಕಲೆ

ಪ್ರದರ್ಶನಕ್ಕಿದ್ದ ಹನ್ನೊಂದನೆಯ ಹಾಳೆಯ ಚೀಟಿಗೆ ‘ಬಲ ಮೇಲ್ತುದಿಯಲ್ಲಿ ಸಣ್ಣ ಕಲೆ’ ಎಂದು ಟೈಪ್ ಮಾಡಿದವಳು ನಾನೇ. ತಾತ ಹೇಳಿದರು, ನಾನು ಕೀಲಿ ಒತ್ತಿದೆ. ಆ ನಾಲ್ಕು ಪದ ನೆನೆದರೆ ಈಗಲೂ ಬೆರಳ ತುದಿ ಬಿಸಿಯಾಗುತ್ತದೆ.

ನಮ್ಮ ತಾತ ಲೈಮನ್ ಸ್ಯಾಟರ್ಲಿ ಎಂದರೆ ನಮ್ಮೂರು ಸ್ಟೋನಿ ನೆಕ್‌ನಲ್ಲಷ್ಟೇ ಅಲ್ಲ, ಇಡೀ ಕನೆಕ್ಟಿಕಟ್ ರಾಜ್ಯದ ಸಂಗ್ರಾಹಕರಿಗೆಲ್ಲ ಗೊತ್ತು. ಅವರು ಕೂಡಿಸುವುದು ಅಂಚೆಚೀಟಿಯನ್ನಲ್ಲ, ಅಂಚೆಚೀಟಿ ಹುಟ್ಟುವುದಕ್ಕೆ ಮುಂಚಿನದನ್ನು. ಇಂಗ್ಲೆಂಡಿನ ರಾಜ ನಮ್ಮನ್ನು ಆಳುತ್ತಿದ್ದ ಕಾಲದಲ್ಲಿ ಲಕೋಟೆಯ ರೂಢಿ ಇರಲಿಲ್ಲ. ಬರೆದ ಹಾಳೆಯನ್ನೇ ಮಡಿಸಿ, ಅರಗು ಒತ್ತಿ, ಹೊರಮೈಗೆ ವಿಳಾಸ ಬರೆದರೆ ಆಯಿತು. ಅಂಚೆಯವನು ಅದರ ಮೇಲೆ ತನ್ನ ಊರ ಹೆಸರಿನ ಮುದ್ರೆ ಹೊಡೆಯುತ್ತಿದ್ದ. ಆ ಮುದ್ರೆಗಳ ಹಿಂದೆ ತಾತ ಐವತ್ತು ವರ್ಷ ಅಲೆದಿದ್ದಾರೆ. ಅಪ್ಪ ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರೂ ಅವರೇ. ಮಾತು ಕಡಿಮೆ ಎಂದು ‘ಇಲಿ’ ಎನ್ನುತ್ತಾರೆ. ಕಾಲೇಜು ಮುಗಿಸಿ ಬಂದು ಇಪ್ಪತ್ತಮೂರು ತುಂಬಿದರೂ ನಾನು ಇಲಿಯೇ. ಕಾನ್‌ಸ್ಟನ್ಸ್ ಎಂಬ ಹೆಸರು ನನ್ನ ದಿನಚರಿಯ ಮೊದಲ ಪುಟದಲ್ಲಿ ಮಾತ್ರ ಇದೆ.

ವಾರಕ್ಕೆ ಮೂರು ದಿನ ಗ್ರಂಥಾಲಯದ ಮಹಡಿಯಲ್ಲಿ, ಊರಿನ ಇತಿಹಾಸ ಸಂಘದ ಕೋಣೆಯಲ್ಲಿ ಕೂರುತ್ತೇನೆ. ಮೂವತ್ತೇಳು ವರ್ಷದಿಂದ ಸಂಘದ ಕಾರ್ಯದರ್ಶಿ ತಾತನೇ. ಪ್ರತಿ ಗುರುವಾರ ಅಲ್ಲಿಗೆ ಮಿಸೆಸ್ ಆರಾ ಜ್ಯಾಕ್ಲಿನ್ ಬರುತ್ತಾರೆ. ಎಪ್ಪತ್ತು ದಾಟಿದವರು. ಊರಲ್ಲಿ ಉಳಿದಿರುವ ಎರಡೇ ಎರಡು ಕಪ್ಪು ಮನೆತನಗಳಲ್ಲಿ ಒಂದು ಅವರದು. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದರು, ನನಗೂ ಬಡಿಸಿದ್ದಾರೆ.

ಚರ್ಚಿನ ಸ್ಮಶಾನದ ಮೂಲೆಯಲ್ಲಿ ಅವರ ಪೂರ್ವಜೆಯ ಕಲ್ಲಿತ್ತು. ‘ಜೂನೋ, ಡೀಕನ್ ಬಲ್ಕ್‌ಲಿಯವರ ಸೇವಕಿ.’ ಸೇವಕಿಯಂತೆ! ಆ ಚರ್ಚಿನ ಹಿರಿಯ ಕೊಂಡು ತಂದ ಗುಲಾಮಳು. ಈ ಚಳಿಗಾಲದ ಹಿಮಕ್ಕೆ ಕಲ್ಲು ಎರಡು ಹೋಳಾಯಿತು. ಹೊಸದನ್ನು ಕೆತ್ತಿಸುತ್ತೇವೆ ಎಂದು ಚರ್ಚಿನ ಸಮಿತಿ ಹೇಳಿತು.

“ಜೂನೋ ಅವಳ ಹೆಸರಲ್ಲ ಅಂತ ನಮ್ಮಜ್ಜಿ ಹೇಳ್ತಿದ್ರು,” ಎಂದರು ಮಿಸೆಸ್ ಜ್ಯಾಕ್ಲಿನ್. “ನಿಜವಾದ ಹೆಸರು ಬೇರೆ ಇತ್ತಂತೆ. ಅದೇನು ಅಂತ ಅಜ್ಜಿಗೂ ಗೊತ್ತಿರಲಿಲ್ಲ. ಸಮಿತಿಯವ್ರು ಏನಂತಾರೆ ಗೊತ್ತಾ? ಕಾಗದದ ಮೇಲೆ ಪುರಾವೆ ತನ್ನಿ, ಕಾರ್ಯದರ್ಶಿ ರುಜು ಇರಲಿ. ಇಲ್ಲದಿದ್ರೆ ಹಳೇದನ್ನೇ ಕೆತ್ತೋದು. ಸೋಮವಾರ ಉಳಿ ಹಿಡೀತಾನೆ ಕಲ್ಲುಕುಟಿಗ.”

ಪುರಾವೆ ಇತ್ತು. ಬಲ್ಕ್‌ಲಿ ಮನೆತನದವರು ಸಂಘಕ್ಕೆ ಕೊಟ್ಟ ಪೆಟ್ಟಿಗೆಯಲ್ಲಿ, 1769ರಲ್ಲಿ ನ್ಯೂಯಾರ್ಕಿನ ವ್ಯಾಪಾರಿಯೊಬ್ಬ ಡೀಕನ್‌ಗೆ ಬರೆದ ಕಾಗದ. ಆ ಗುರುವಾರ ನಾನೇ ಓದಿ ಹೇಳಿದೆ: ‘ಹೆಣ್ಣಾಳನ್ನು ಹಡಗಿನಲ್ಲಿ ಕಳಿಸಿದ್ದೇನೆ. ನಾವು ಜೂನೋ ಎನ್ನುತ್ತೇವೆ, ಅವಳು ಓಗೊಡುವುದಿಲ್ಲ. ತಾಯಿ ಇಟ್ಟ ಹೆಸರು—’

ಅಲ್ಲಿ ತೂತು. ಎರಡಂಗುಲ ಅಗಲದ ಚೌಕ ತೂತು.

ಆ ಪೆಟ್ಟಿಗೆಯ ಹನ್ನೊಂದು ಕಾಗದಗಳಿಗೂ ಅಂಥದೇ ತೂತು. ಪೆಟ್ಟಿಗೆಯ ಮೇಲೆ ತಾತನ ಕೈಬರಹ: ‘ಇಲಿ ಕಡಿದದ್ದು, 1926.’

ಮಿಸೆಸ್ ಜ್ಯಾಕ್ಲಿನ್ ಕನ್ನಡಕ ಏರಿಸಿ ನೋಡಿದರು. “ಸ್ಕೇಲ್ ಇಟ್ಕೊಂಡು ಕಡಿಯೋ ಇಲಿ! ಶಾಲೆ ಅಡುಗೆಮನೇಲಿ ನಾನು ಎಷ್ಟೋ ಇಲಿ ನೋಡಿದೀನಿ ಮಗು, ಇಷ್ಟು ಓದಿದ್ದನ್ನ ನೋಡಿಲ್ಲ.”

ನಾನು ನಗಲಿಲ್ಲ. ತಾತ ಬರೆದದ್ದು ಸುಳ್ಳಿರಬಹುದು ಎಂದು ಯೋಚಿಸಲೂ ಇಲ್ಲ. ಮಿಸೆಸ್ ಜ್ಯಾಕ್ಲಿನ್ ಸಮಾಧಾನಕ್ಕೆ ತೂತಿನ ಅಂಚನ್ನು ತೆಳು ಕಾಗದದ ಮೇಲೆ ಪೆನ್ಸಿಲಿನಿಂದ ಎಳೆದುಕೊಂಡು ದಿನಚರಿಯೊಳಗೆ ಇಟ್ಟುಕೊಂಡೆ. ‘ತಾಯಿ ಇಟ್ಟ ಹೆಸರು’ ಆದಮೇಲೆ ತೂತಿನ ಅಂಚಿಗೆ ಒಂದು ಅಕ್ಷರದ ಬಾಲ ಮಾತ್ರ ಉಳಿದಿತ್ತು. ಅದನ್ನೂ ಎಳೆದುಕೊಂಡೆ.

ಮರುದಿನ ಬಿಟ್ಟು ಶನಿವಾರ. ಒಲೆಯೊಳಗೆ ಕಾಕಂಬಿ, ಹಂದಿಮಾಂಸ ಹಾಕಿದ ಬೀನ್ಸ್ ಮಡಕೆ ಬೆಳಗಿನಿಂದ ಬೇಯುತ್ತಿತ್ತು. ಹಾರ್ಟ್‌ಫರ್ಡ್ ನಗರದ ಅಂಚೆ ಸಂಗ್ರಹ ಪ್ರದರ್ಶನಕ್ಕೆ ತಾತನ ಹಾಳೆಗಳನ್ನು ಒಯ್ಯಲು ಎರಡು ಗಂಟೆಗೆ ವ್ಯಾನ್ ಬರುವುದಿತ್ತು. ಊಟದ ಮೇಜಿನ ತುಂಬ ಹಾಳೆಗಳು. ಹತ್ತು ಹಾಳೆಗಳಲ್ಲಿ ಮುದ್ರೆಯಿರುವ ಒಂದೊಂದು ಕಾಗದದ ತುಂಡು, ಹನ್ನೊಂದನೆಯದರಲ್ಲಿ ತಾತನ ಕಣ್ಮಣಿ. ಇಷ್ಟು ಸ್ಪಷ್ಟವಾದ ನ್ಯೂಯಾರ್ಕ್ ಮುದ್ರೆ ಇನ್ನೊಂದಿಲ್ಲ, ಚಿನ್ನದ ಪದಕ ಇದಕ್ಕೇ ಎಂದು ಚಳಿಗಾಲವೆಲ್ಲ ಹೇಳಿದ್ದರು.

“ಬಲ ಮೇಲ್ತುದಿಯಲ್ಲಿ ಸಣ್ಣ ಕಲೆ ಅಂತ ಹಾಕು. ದೋಷ ಮುಚ್ಚಿಟ್ಟರೆ ತೀರ್ಪುಗಾರರು ಸುಮ್ಮನಿರಲ್ಲ. ನಮ್ಮಲ್ಲಿ ಪ್ರಾಮಾಣಿಕತೆ ಮುಖ್ಯ, ಇಲಿ.”

ಹಾಕಿದೆ. ಚೀಟಿ ಅಂಟಿಸಲು ಬಗ್ಗಿದಾಗ ತುಂಡಿನ ಅಳತೆ ಕಣ್ಣಿಗೆ ಹೊಡೆಯಿತು. ಎರಡಂಗುಲ. ಎಡ ಅಂಚಿನಲ್ಲಿ ಕತ್ತರಿ ಸ್ವಲ್ಪ ಜಾರಿದ ಗುರುತು. ದಿನಚರಿಯಿಂದ ತೆಳು ಕಾಗದ ತೆಗೆದು, ಮಗುಚಿ, ಮೇಲಿಟ್ಟೆ. ಜಾರಿದ ಗುರುತಿನ ಮೇಲೆ ಜಾರಿದ ಗುರುತು ಕೂತಿತು.

ಹನ್ನೊಂದು ತೂತು. ಹನ್ನೊಂದು ತುಂಡು. ಎಣಿಸುವುದೇನು, ವರ್ಷಗಳಿಂದ ಇದೇ ಮೇಜಿನ ಮೇಲೆ ನಾನೇ ಇವುಗಳ ದೂಳು ಒರೆಸಿದ್ದೇನೆ.

“ತಾತ, ಇವನ್ನ ಎಲ್ಲಿಂದ ತಂದ್ರಿ?”

“ಯಾಕೆ?”

“ಸಂಘದ ಪೆಟ್ಟಿಗೆಯಿಂದಲಾ?”

ಅವರು ಭೂತಗನ್ನಡಿ ಕೆಳಗಿಟ್ಟರು. ನಾಚಿಕೆಯಾಗಬಹುದು ಎಂದುಕೊಂಡಿದ್ದೆ. ಆಗಲಿಲ್ಲ. “ಆಗ ಎಲ್ಲರೂ ಕತ್ತರಿಸ್ತಿದ್ರು ಕಣೆ. ಮುದ್ರೆ ಇಟ್ಕೋ, ಉಳಿದದ್ದು ಬಿಡು, ಅದೇ ಪದ್ಧತಿ. ಒಳಗೇನಿರುತ್ತೆ? ಸಕ್ಕರೆ ಧಾರಣೆ, ನೆಗಡಿ ಜ್ವರ, ನಾದಿನಿ ಮೇಲೆ ಚಾಡಿ. ನಾನು ಕತ್ತರಿಸದೇ ಇದ್ದಿದ್ರೆ ಆ ಮುದ್ರೆ ಇವತ್ತು ಯಾರ ಕಣ್ಣಿಗೂ ಬೀಳ್ತಿರ್ಲಿಲ್ಲ.”

“ಮಿಸೆಸ್ ಜ್ಯಾಕ್ಲಿನ್ ಹುಡುಕ್ತಿರೋ ಹೆಸರು ಇದರ ಹಿಂದಿದೆ. ತೆಗೆದು ನೋಡೋಣ.”

“ಹಾಳೆ ಮುಟ್ಟಬೇಡ. ಇನ್ನೂರು ವರ್ಷ ಕಾದ ಹೆಸರು ಇನ್ನೆರಡು ವಾರ ಕಾಯಲಿ. ಪ್ರದರ್ಶನ ಮುಗೀಲಿ.”

“ಸೋಮವಾರ ಕಲ್ಲು ಕೆತ್ತುತ್ತಾರೆ.”

“ಹಾಗಿದ್ರೆ ಜೂನೋ ಅಂತ ಕೆತ್ತಲಿ. ಚೆನ್ನಾಗೇ ಇದೆಯಲ್ಲ, ದೇವತೆ ಹೆಸರು! ಚೀಟಿ ಅಂಟಿಸು, ಇಲಿ.”

ಅಡುಗೆಮನೆಗೆ ಹೋದೆ. ಕೂಗಬೇಕೆಂದರೆ ನನಗೆ ಕೂಗಲು ಬರುವುದಿಲ್ಲ. ದಿನಚರಿಯಲ್ಲಿ ಬರೆದು ಮುಚ್ಚಿಟ್ಟರೆ ಮುಗಿಯಿತು ಎಂಬುದು ನನ್ನ ಅಭ್ಯಾಸ. ಆದರೆ ಆ ಹೊತ್ತಿಗೆ ದಿನಚರಿಯ ಮೇಲೂ ಸಿಟ್ಟು ಬಂತು. ನಾನೂ ಮುಚ್ಚಿಡುವವಳೇ ಅಲ್ಲವೇ? ಗೋಡೆಯ ಫೋನು ಎತ್ತಿದೆ. ನಾಲ್ಕು ಮನೆಗೆ ಒಂದೇ ತಂತಿ, ಎಲ್ಲರೂ ಕಿವಿಯಿಡುತ್ತಾರೆಂದು ನಾನು ಫೋನು ಮುಟ್ಟುವವಳಲ್ಲ. “ಮಿಸೆಸ್ ಜ್ಯಾಕ್ಲಿನ್, ಕಾನ್‌ಸ್ಟನ್ಸ್ ಸ್ಯಾಟರ್ಲಿ ಮಾತಾಡ್ತಿರೋದು. ತೂತು ಮಾಡಿದ್ದು ಇಲಿ ಅಲ್ಲ, ನಮ್ಮ ತಾತ. ಈಗಲೇ ಬನ್ನಿ,” ಎಂದೆ. ಕೇಳುವವರೆಲ್ಲ ಕೇಳಿಕೊಳ್ಳಲಿ!

ಕಾಲು ಗಂಟೆಯಲ್ಲಿ ಬಂದರು. ಕೋಟು ಬಿಚ್ಚಲಿಲ್ಲ, ಕೂರಲಿಲ್ಲ.

“ಬೀನ್ಸ್ ಘಮ ಚೆನ್ನಾಗಿದೆ, ಮಿಸ್ಟರ್ ಸ್ಯಾಟರ್ಲಿ.”

“ಊಟಕ್ಕೆ ಇನ್ನೂ ಹೊತ್ತಿದೆ, ಮಿಸೆಸ್ ಜ್ಯಾಕ್ಲಿನ್.”

“ನಾನು ಊಟಕ್ಕೆ ಬಂದಿಲ್ಲ.”

ಅಗಲದ ಎನಾಮೆಲ್ ತಟ್ಟೆಗೆ ಉಗುರುಬೆಚ್ಚಗಿನ ನೀರು ಹಾಕಿ ತಂದೆ. ಅದು ಹೇಗೆಂದು ಕಲಿಸಿದವರು ತಾತನೇ: ಹಿಟ್ಟಿನ ಅಂಟು ನೀರಿಗೆ ಬಿಡುತ್ತದೆ, ಆ ಕಾಲದ ಕಬ್ಬಿಣ ಬೆರೆಸಿದ ಮಸಿ ಬಿಡುವುದಿಲ್ಲ. ಹನ್ನೊಂದನೆಯ ಹಾಳೆಯನ್ನು ನೀರಿಗಿಟ್ಟೆ.

“ಏಯ್! ಹುಚ್ಚು ಹಿಡೀತೇನೆ? ತೆಗಿ! ತೆಗಿ ಅಂದೆ!” ತಾತ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಮಿಸೆಸ್ ಜ್ಯಾಕ್ಲಿನ್ ಒಂದು ಹೆಜ್ಜೆ ಮುಂದೆ ಬಂದು ಅವರಿಗೂ ತಟ್ಟೆಗೂ ನಡುವೆ ನಿಂತರು, ಅಷ್ಟೇ. ಶಾಲೆಯಲ್ಲಿ ಸಾಲು ಮುರಿಯುವ ಹುಡುಗರನ್ನು ಹಾಗೇ ತಡೆಯುತ್ತಿದ್ದರು.

ಹತ್ತು ನಿಮಿಷಕ್ಕೆ ತುಂಡು ಬಿಟ್ಟುಕೊಂಡಿತು. ಮಗುಚಿದೆ.

ಒಂದು ಅಕ್ಷರವೂ ಇರಲಿಲ್ಲ. ಹಿಂಬದಿಯೆಲ್ಲ ನಾರು ನಾರಾಗಿ, ಬೋಳಾಗಿ ಕೆರೆದಿತ್ತು.

“ಉಬ್ಬಿಕೊಳ್ತಿತ್ತು,” ಎಂದರು ತಾತ. ಮೊದಲ ಸಲ ದನಿ ತಗ್ಗಿತ್ತು. “ಹಾಳೆಗೆ ಚಪ್ಪಟೆಯಾಗಿ ಕೂರಲಿ ಅಂತ ಬ್ಲೇಡಲ್ಲಿ ಕೆರೆದಿದ್ದೆ. ಎಲ್ಲವನ್ನೂ.”

ನನ್ನ ಬಾಯಿಂದ ಬಂದದ್ದು ನನಗೇ ಕೇಳದಷ್ಟು ಸಣ್ಣ ದನಿ. “ನೀವು ಓದಿದ್ರಾ? ಕೆರೆಯೋ ಮುಂಚೆ?”

“ನೆನಪಿಲ್ಲ.”

ಓದಿ ಮರೆತಿದ್ದರೂ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಓದೇ ಇರಲಿಲ್ಲ. ಒಬ್ಬಳ ಹೆಸರು ಮೇಜಿನ ಮೇಲೆ ಪುಡಿಯಾಗಿ ಉದುರಿದೆ, ಇವರು ಊದಿ ಹಾರಿಸಿದ್ದಾರೆ.

ಮಿಸೆಸ್ ಜ್ಯಾಕ್ಲಿನ್ ತಟ್ಟೆಯನ್ನೇ ನೋಡುತ್ತಿದ್ದರು. “ಆ ಮೂಲೇಲಿರೋ ಕಂದು ಬಣ್ಣದ್ದು ಏನು, ಮಗು?”

“ಕಲೆ,” ಎಂದೆ. ನಾನೇ ಟೈಪ್ ಮಾಡಿದ್ದೆನಲ್ಲ.

ಹೇಳಿ ಮುಗಿಸುವಷ್ಟರಲ್ಲಿ ಹೊಳೆಯಿತು: ಅದು ಕಲೆಯಲ್ಲ, ಹಿಂಬದಿಯ ಬರಹದ ಮಸಿ. ಕಬ್ಬಿಣದ ಮಸಿ ಕಾಗದದ ಮೇಲೆ ಕೂರುವುದಿಲ್ಲ, ತಿನ್ನುತ್ತ ಒಳಗಿಳಿಯುತ್ತದೆ. ಇನ್ನೂರು ವರ್ಷದಲ್ಲಿ ಎಷ್ಟು ಆಳಕ್ಕೆ ಇಳಿದಿರಬೇಡ! ಒದ್ದೆ ತುಂಡನ್ನು ಅಂಗೈಮೇಲೆ ಎತ್ತಿ, ಮುದ್ರೆಯ ಮುಖ ಹೊರಕ್ಕೆ ಮಾಡಿ ಕಿಟಕಿಯ ಗಾಜಿಗೆ ಹಚ್ಚಿದೆ. ಹೊರಗಿನ ಬಿಳಿ ಬೆಳಕು ತೆಳು ಕಾಗದದಲ್ಲಿ ತುಂಬಿಕೊಂಡಿತು. ಬ್ಲೇಡು ಮುಟ್ಟದ ಆಳದಲ್ಲಿ ಕಂದು ಗೆರೆಗಳು ಸರಿಯಾದ ದಿಕ್ಕಿಗೇ ನಿಂತಿದ್ದವು. ಮೊದಲ ಅಕ್ಷರ ನನ್ನ ತೆಳು ಕಾಗದದ ಬಾಲಕ್ಕೆ ಕೂಡಿಕೊಳ್ಳುತ್ತಿತ್ತು. ನಾನು ಓದಲಿಲ್ಲ, ಪಕ್ಕಕ್ಕೆ ಸರಿದೆ.

“ಅ... ಬೆ... ನಾ,” ಎಂದರು ಮಿಸೆಸ್ ಜ್ಯಾಕ್ಲಿನ್. ಇನ್ನೊಮ್ಮೆ, “ಅಬೆನಾ. ಹೀಗೇನಾ ಹೇಳೋದು?”

“ಗೊತ್ತಿಲ್ಲ.”

“ಇಷ್ಟು ವರ್ಷ ಯಾರೂ ಕರೆದೇ ಇಲ್ಲ. ಸ್ವಲ್ಪ ತಪ್ಪಿದ್ರೂ ಬೈಯಲ್ಲ ಬಿಡು.” ಕೋಟಿನ ತೋಳಿನಿಂದ ಮುಖ ಒರೆಸಿಕೊಂಡರು.

ನಾನು ಟೈಪ್ ಯಂತ್ರಕ್ಕೆ ಹೊಸ ಹಾಳೆ ಏರಿಸಿದೆ. ಸಮಿತಿಗೆ, ತಾತನ ಮಾತಾಗಿ. ಕಾಗದ ಯಾವುದು, ತುಂಡು ಯಾವುದು, ಹೆಸರೇನು ಎಲ್ಲ ಬರೆದೆ. ಕೊನೆಯ ಸಾಲು: ‘ಈ ಹೆಸರಿರುವ ಭಾಗವನ್ನು 1926ರಲ್ಲಿ ಕಾಗದದಿಂದ ಕತ್ತರಿಸಿದವನು ನಾನು.’ ಕೆಳಗೆ ರುಜುವಿಗೆ ಜಾಗ ಬಿಟ್ಟು ತಾತನ ಮುಂದಿಟ್ಟೆ.

ಅವರು ಓದಿದರು. “ಕೊನೇ ಸಾಲು ತೆಗಿ. ‘ಹರಿದುಹೋಗಿತ್ತು’ ಅಂತ ಹಾಕು, ಸಾಕು. ಊರಲ್ಲಿ ನನ್ನ ಹೆಸರು ಏನಾಗುತ್ತೆ?”

“ನಿಮ್ಮ ಹೆಸರು ಇದ್ದಲ್ಲೇ ಇರುತ್ತೆ, ಸ್ಪಷ್ಟವಾಗಿ,” ಎಂದೆ. “ಯಾರೂ ಕೆರೆಯಲ್ಲ.”

ಆ ಮನೆಯಲ್ಲಿ ಅಷ್ಟು ದೊಡ್ಡದಾಗಿ ನಾನು ಮಾತಾಡಿದ್ದು ಅದೇ ಮೊದಲು. ತಾತ ನನ್ನನ್ನು ನೋಡಿದರು, ಮಿಸೆಸ್ ಜ್ಯಾಕ್ಲಿನ್ ಕಡೆ ನೋಡಿದರು. ಅವರು ಕೋಟಿನಲ್ಲೇ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು, ಸಂಜೆಯವರೆಗೂ ನಿಲ್ಲಬಲ್ಲವರ ಹಾಗೆ. ತಾತ ಪೆನ್ನು ತೆಗೆದುಕೊಂಡರು. ರುಜು ಸೊಟ್ಟಗೆ ಬಂತು.

ಹೊರಗೆ ಹಾರ್ಟ್‌ಫರ್ಡ್ ವ್ಯಾನಿನ ಹಾರ್ನ್ ಎರಡು ಸಲ ಕೇಳಿತು. “ಉಳಿದ ಹತ್ತಾದ್ರೂ ಕಟ್ಟು, ಕಾನ್‌ಸ್ಟನ್ಸ್,” ಎಂದರು ತಾತ. ಹೆಸರು ಹಿಡಿದು ಕರೆದದ್ದು ಕಿವಿಗೆ ಬಿತ್ತು. ಅದರಿಂದ ಸಿಟ್ಟೇನೂ ಇಳಿಯಲಿಲ್ಲ.

ತಟ್ಟೆಯ ನೀರು ಚೆಲ್ಲಿ ಬಂದು, ತಟ್ಟೆಗೆ ಮತ್ತೆ ಬೆಚ್ಚಗಿನ ನೀರು ಬೇಕೆಂದು ಕೆಟಲ್ ತುಂಬಿಸಿ ಒಲೆಯ ಮೇಲಿಟ್ಟೆ. ಹತ್ತನೆಯ ಹಾಳೆಯನ್ನು ಮೇಜಿನ ತುದಿಗೆ ಎಳೆದುಕೊಂಡೆ. ಅದರ ಚೀಟಿಯಲ್ಲೂ ನಾನೇ ಎರಡು ಕಲೆ ಟೈಪ್ ಮಾಡಿದ್ದೆ.