ಗಾಜಿನ ಕೊಳವೆಯ ಗೋಲಿ

ಸ್ಟ್ರಾಬೆರಿ, ಹೌದು, ಸ್ಟ್ರಾಬೆರಿಯೇ, ಆದರೆ ಹಣ್ಣಿನದಲ್ಲ, ಶಾಲೆಯ ಮಕ್ಕಳ ಅಳಿಸುವ ರಬ್ಬರಿನದು, ಅದರಡಿಯಲ್ಲಿ ಯಾವುದೋ ಮಗುವಿನ ಎಂಜಲಿನ ಹುಳಿ ವಾಸನೆ — ಹಲ್ಲಿನ ಡಾಕ್ಟರ ಕೋಣೆಯ ಬೆಂಚಿನಲ್ಲಿ ಸೌದಾ ಶಾಲಿನ ತುದಿಯನ್ನು ಮೂಗಿಗೆ ಒತ್ತಿಕೊಂಡಳು, ತೊಡೆಯ ಮೇಲೆ ಮಗಳು ಆಫ್ರಾ, ಐದು ವರ್ಷ, ಕೆನ್ನೆ ಊದಿ ಒಂದು ಕಣ್ಣು ಸಣ್ಣಗಾಗಿದೆ, ಎಡದವಡೆಯ ಹಲ್ಲಿನ ಬುಡದಲ್ಲಿ ಕೀವು ತುಂಬಿದೆ, ಇವತ್ತು ಕೀಳಲೇಬೇಕು, ಹಲ್ಲಿನ ಫೋಟೋ ತೆಗೆಯುವುದು ಅಷ್ಟೇ ಎಂದು ಮಡಂತ್ಯಾರಿನಿಂದ ಬಿ.ಸಿ. ರೋಡಿನವರೆಗೂ ಬಸ್ಸಿನಲ್ಲಿ ಸುಳ್ಳು ಹೇಳಿಕೊಂಡು ಬಂದದ್ದು, ಛೀ, ಸುಳ್ಳೂ ತನ್ನದೇ, ಹಲ್ಲು ಹಾಳಾದದ್ದೂ ತನ್ನಿಂದಲೇ, ಗಲ್ಫಿನಿಂದ ಆಫ್ರಾಳ ಅಪ್ಪ ಕಳಿಸಿದ ಹಾಲಿನ ಪುಡಿ, ಎರಡು ಚಮಚ ಸಕ್ಕರೆ, ಬಾಟಲಿ ಬಾಯಲ್ಲಿಟ್ಟೇ ನಿದ್ದೆ, ನಾಲ್ಕು ವರ್ಷ ತುಂಬುವವರೆಗೂ, ಅಪ್ಪನ ಪ್ರೀತಿ ಹಾಗಾದರೂ ಹೊಟ್ಟೆಗೆ ಇಳಿಯಲಿ ಎಂದು, ಅದು ಹಲ್ಲಿನಲ್ಲೇ ನಿಂತು ಕೊಳೆಯಿತು — ಕುರ್ಚಿಯಲ್ಲಿದ್ದ ಹುಡುಗಿಯನ್ನು ಅವಳ ತಂದೆ ಎತ್ತಿಕೊಂಡು ಹೋದ, ತಲೆ ಅವನ ಭುಜದ ಮೇಲೆ ತೂಗಾಡುತ್ತಿತ್ತು, ಆಯಾ ರುಖಿಯಮ್ಮ ಮೇಜು ಒರೆಸುವ ಬಟ್ಟೆಯಿಂದಲೇ, ನೋವು ತಿಳಿಯದಂತೆ ಮಕ್ಕಳಿಗೆ ಗ್ಯಾಸು ಕೊಡುವ ಸ್ಟ್ರಾಬೆರಿ ವಾಸನೆಯ ಮೂಗಿನ ಮುಖವಾಡವನ್ನು ಒಮ್ಮೆ ಸವರಿ ಕೊಕ್ಕೆಗೆ ತೂಗುಹಾಕಿದಳು, ಅದೇ ಬಟ್ಟೆಯಿಂದ, ಯಾ ಅಲ್ಲಾಹ್, ಮುಖವಾಡ ಗಾಳಿಯಲ್ಲಿ ತೂಗುತ್ತಾ ಸ್ಸ್ ಎನ್ನುತ್ತಿದೆ, ಕುರ್ಚಿಯಲ್ಲಿ ಯಾರೂ ಇಲ್ಲ, ಆದರೂ ಯಂತ್ರದ ಗಾಜಿನ ಕೊಳವೆಯೊಳಗೆ ಕಡಲೆಯಷ್ಟು ದೊಡ್ಡ ಗೋಲಿಯೊಂದು ಮೇಲೆಯೇ ತೇಲುತ್ತಿದೆ, ಗ್ಯಾಸು ಹೋಗುತ್ತಿದ್ದರೆ ಗೋಲಿ ಮೇಲೆ, ನಿಂತರೆ ಕೆಳಗೆ, ಅಷ್ಟು ಯಾರಿಗಾದರೂ ತಿಳಿಯುತ್ತದೆ.

ಬಂದ್ ಮಾಡುದಿಲ್ವಾ ಮಾಮಿ, ಅದು ಸುಮ್ಮನೆ ಹೋಗ್ತಾ ಉಂಟಲ್ಲ, ಸೌದಾ ಕೇಳಿದಳು, ರುಖಿಯಮ್ಮ ನಕ್ಕಳು, ಬೆಳಿಗ್ಗೆ ಒಂಬತ್ತಕ್ಕೆ ಬಿಟ್ಟದ್ದು ಮಗಳೇ, ಒಂದು ಗಂಟೆಗೆ ಬಂದ್, ನಡುವೆ ಮುಟ್ಟಿದ್ರೆ ಅಳತೆ ತಪ್ತದೆ ಅಂತ ಡಾಕ್ಟ್ರು ಬೈತಾರೆ, ನನಗಂತೂ ಮಧ್ಯಾಹ್ನ ಆಗುವಾಗ ಮೂರು ಮದುವೆಯ ಬಿರಿಯಾನಿ ಒಟ್ಟಿಗೆ ತಿಂದ ಹಾಗೆ ತಲೆ ತಿರುಗ್ತದೆ, ಪುಕ್ಕಟೆ ನಗು — ಅವಳ ನಗು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಉಳಿಯಿತು, ಶುಕ್ರವಾರ ಗಲ್ಫಿನಿಂದ ಗಂಡ ನಿಝಾರ್ ಫೋನಿನಲ್ಲಿ ಹೇಳಿದ್ದು ಸೌದಾಳಿಗೆ ನೆನಪಾಯಿತು, ಅವನಿಗೆ ಅಲ್ಲಿ ಗ್ಯಾಸಿನ ಸಿಲಿಂಡರ್ ತುಂಬಿಸುವ ಕೆಲಸ, ಆ ನಗಿಸುವ ಗ್ಯಾಸಾ, ಅದು ನಮ್ಮಲ್ಲಿ ಒಂದು ಚೂರು ಸೋರಿದ್ರೆ ಸೈರನ್ ಹೊಡೀತದೆ ಮಾರಾಯ್ತಿ, ನೂರು ವರ್ಷ ಆಕಾಶದಲ್ಲೇ ಕೂತ್ಕೊಳ್ತದೆ, ಇಂಗಾಲದ ಹೊಗೆಗಿಂತ ಮುನ್ನೂರು ಪಾಲು ಹೆಚ್ಚು ಬಿಸಿ ಮಾಡ್ತದೆ, ಬೇಕಾದ ಮಗುವಿಗೆ ಬೇಕಾದಷ್ಟು ಕೊಡ್ಲಿ, ಉಳಿದ ಹೊತ್ತು ತಿರುಪು ಮುಚ್ಲಿ, ಹೇಳು ಅವರಿಗೆ — ನೂರು ವರ್ಷ, ಆಫ್ರಾಳ ಮಕ್ಕಳ ಮಕ್ಕಳು, ಅವರ ತಲೆಯ ಮೇಲೆ ಯಾರ ನೋವಿಗೂ ಆಗದ ಈ ಬಿ.ಸಿ. ರೋಡಿನ ಸ್ಟ್ರಾಬೆರಿ, ಯಾರೋ ಉಗಿದದ್ದನ್ನು ಇನ್ಯಾರೋ ಕುಡಿದ ಹಾಗೆ, ಥೂ.

ಪುಷ್ಪರಾಜ ಡಾಕ್ಟರು ಕೈ ಒರೆಸಿಕೊಳ್ಳುತ್ತಾ ಬಂದರು, ಗಂಡ ಹೇಳಿದ್ದನ್ನೆಲ್ಲ ಅವಳು ಹೇಳಿದಳು, ತಿರುಪು ಮುಚ್ಚಿ ಎಂದೂ ಹೇಳಿದಳು, ಹೋ, ಗಂಡ ಗ್ಯಾಸ್ ಇಂಜಿನಿಯರಾ? ಅಲ್ಲ, ತುಂಬಿಸುವವರು. ಹಾಗಾದ್ರೆ ನನಗೂ ಎರಡು ಸಿಲಿಂಡರ್ ಕಳಿಸ್ಲಿಕ್ಕೆ ಹೇಳಿ, ಆಕಾಶದ ಹಲ್ಲು ನಾವು ನೋಡುದಲ್ಲ ಅಮ್ಮ, ಮಕ್ಕಳದ್ದು ಮಾತ್ರ — ತಮ್ಮ ಮಾತಿಗೆ ತಾವೇ ನಕ್ಕರು, ಕೊಕ್ಕೆಯಿಂದ ಮುಖವಾಡ ತೆಗೆದರು, ಅದರ ಅಂಚಿನಲ್ಲಿ ಒಣಗಿದ ಬಿಳಿ ಜೊಲ್ಲಿನ ಗೆರೆ, ಬೇಡ ಡಾಕ್ಟ್ರೇ, ನನ್ನ ಮಗಳಿಗೆ ಅದು ಬೇಡ, ಮರಗಟ್ಟಿಸುವ ಸೂಜಿ ಸಾಕು, ಕೂಗ್ತಾಳೆ, ಎಂದರು ಡಾಕ್ಟರು, ಕೂಗಲಿ, ನಾನು ಹಿಡ್ಕೊಳ್ತೇನೆ, ಮತ್ತೆ ನನ್ನನ್ನು ದೂರ್ಬೇಡಿ, ಇಲ್ಲ, ದೂರುದಿಲ್ಲ — ತಾನೇ ಕುರ್ಚಿಯಲ್ಲಿ ಕುಳಿತು ಮಗಳನ್ನು ಎದೆಗೆ ಒರಗಿಸಿಕೊಂಡಳು, ಫೋಟೋ ಅಂತ ಹೇಳಿದ್ದು ಸುಳ್ಳು ಮಗಳೇ, ಸೂಜಿ ಉಂಟು, ಕಚ್ತದೆ, ಹತ್ತರವರೆಗೆ ಎಣಿಸುವ, ಆಫ್ರಾ ಅವಳನ್ನೇ ನೋಡಿದಳು, ಆ ನೋಟವನ್ನು ಎಲ್ಲಿ ಇಡುವುದು, ಒಂದು, ಎರಡು, ಪುಟ್ಟ ಕೈ ತಾಯಿಯ ಮುಂಗೈ ಚರ್ಮವನ್ನು ಹಿಡಿದು ತಿರುಚುತ್ತಿದೆ, ತಿರುಚಲಿ, ಆರಕ್ಕೆ ಚೀರಿದಳು, ಕೆಳಗಿನ ಬೇಕರಿಯವರೆಗೂ ಕೇಳಿರಬೇಕು, ದವಡೆ ಮರಗಟ್ಟಿತು, ಮತ್ತೆ ಇಕ್ಕಳ, ಮತ್ತೆ ಟಣ್ ಎಂದು ತಟ್ಟೆಗೆ ಬಿದ್ದ ಕರಿ ಹಲ್ಲು, ಕೀವಿನ ನಾತ, ಮುಗಿಯಿತು, ಅಲ್‌ಹಂದುಲಿಲ್ಲಾಹ್, ಮುಗಿಯಿತು, ಹತ್ತಿ ಕಚ್ಚಿದ ಬಾಯಿಯಿಂದ, ಉಮ್ಮಾ, ನಾನು ಏಳು ಹೇಳ್ಲೇ ಇಲ್ಲ, ಹೇಳುವ ಮಗಳೇ, ಮನೆಗೆ ಹೋಗಿ ಹೇಳುವ, ನಿನ್ನ ಮೂಗಿಗೆ ಅದು ಹೋಗಲಿಲ್ಲ, ನಿನ್ನ ಹೆಸರಿನಲ್ಲಿ ಆಕಾಶಕ್ಕೆ ಏನೂ ಹೋಗಲಿಲ್ಲ, ಎಂದುಕೊಳ್ಳುತ್ತಾ ತಲೆಯೆತ್ತಿದಳು — ಮುಖವಾಡ ಮತ್ತೆ ಕೊಕ್ಕೆಯಲ್ಲಿ, ಸ್ಸ್, ಅವಳ ಕಿವಿಯಿಂದ ಒಂದು ಮೊಳ ದೂರದಲ್ಲಿ, ಸೂಜಿ ಚುಚ್ಚುವಾಗಲೂ, ಎಣಿಸುವಾಗಲೂ, ಚೀರುವಾಗಲೂ, ಇಷ್ಟು ಹೊತ್ತೂ ಗ್ಯಾಸು ಹೋಗುತ್ತಲೇ ಇತ್ತು, ಯಾರಿಗೂ ಅಲ್ಲದೆ, ಮುಂದಿನವರು ಬನ್ನಿ ಎಂದು ರುಖಿಯಮ್ಮ ಕೂಗಿದಳು, ಗೋಲಿ ಮೇಲೆಯೇ ಇದೆ, ಸಣ್ಣಗೆ ನಡುಗುತ್ತಿದೆ, ಇಳಿಯುವುದಿಲ್ಲ, ಗಾಜಿನೊಳಗೆ, ಮೇಲೆಯೇ, ಗೋಲಿ