ಸೋಸುವ ಮುಂಚಿನ ತಟ್ಟೆ

"ಸೊನ್ನೆ ಕಣೋ! ಮೂರಕ್ಕೆ ಮೂರೂ ಸೊನ್ನೆ!" ಎಂದು ಮಾರ್ಲಿಸ್ ಕೂಗಿದಳು.

ಬಾಗಿಲಲ್ಲಿ ಕಾದಿದ್ದ ಆರ್ವಿಡ್ ಟೊಪ್ಪಿ ತೆಗೆದು ಮೇಜಿಗೆ ಬಡಿದ. "ನಿನ್ನ ಬಾಯಿಗೆ ಸಕ್ಕರೆ ಹಾಕ!"

ಊರಿನ ನೀರಿನ ಸ್ಥಾವರ ನಡೆಸುವವನು ಅವನು. ನೀರಿನ ಪರೀಕ್ಷೆ ಅವಳದು. ವಸಂತದಲ್ಲಿ ಹಿಮ ಕರಗಿ ನದಿ ಉಕ್ಕಿ, ಊರಿಗೆ ನೀರು ಕೊಡುವ ಬಾವಿಗಳಿಗೆ ವೈರಸ್ ಸೇರಿ, ಅರ್ಧ ಊರು ವಾಂತಿಭೇದಿಯಿಂದ ಮಲಗಿತ್ತು. ಅಂದಿನಿಂದ ಕುದಿಸದ ನೀರು ಕುಡಿಯಕೂಡದೆಂಬ ಆಜ್ಞೆ. ಹೊಸ ಸೋಸುಯಂತ್ರ ವೈರಸ್ಸನ್ನು ತಡೆಯುತ್ತದೆಂದು ಸಾಬೀತಾಗುವ ತನಕ ಆ ಆಜ್ಞೆ ತೆರವಾಗುವಂತಿರಲಿಲ್ಲ. ಹಾಗೆಂದು ರೋಗದ ವೈರಸ್ಸನ್ನೇ ನೀರಿಗೆ ಸುರಿದು ನೋಡಲಾದೀತೇ? ಒಂದು ಜಾತಿಯ ಬ್ಯಾಕ್ಟೀರಿಯಾವನ್ನು ಬಿಟ್ಟು ಯಾರ ತಂಟೆಗೂ ಹೋಗದ ಬಡಪಾಯಿ ವೈರಸ್ಸೊಂದನ್ನು ಕೋಟಿಗಟ್ಟಲೆ ಸುರಿದಿದ್ದರು. ಪರೀಕ್ಷೆಯ ಗಾಜಿನ ತಟ್ಟೆಯಲ್ಲಿ ಮಸುಕಾಗಿ ಹಬ್ಬಿದ ಬ್ಯಾಕ್ಟೀರಿಯಾವನ್ನು ಅದು ತಿಂದಲ್ಲೆಲ್ಲ ತೂತು ಬೀಳುತ್ತದೆ. ಸೋಸಿದ ನೀರಿನ ಮೂರೂ ತಟ್ಟೆಗಳಲ್ಲಿ ಒಂದು ತೂತೂ ಇರಲಿಲ್ಲ.

ಆರ್ವಿಡ್ ಆಗಲೇ ಹೆಂಡತಿಗೆ ಫೋನ್ ಹಚ್ಚಿದ್ದ. "ಐಯೋನ್, ಆ ಕೆಟಲ್ ಮೂಲೆಗೆ ಎಸಿ ಮಾರಾಯ್ತಿ! ನಲ್ಲಿ ತಿರುಗಿಸು!"

ಐಯೋನ್‌ಗೆ ಕ್ಯಾನ್ಸರ್ ಚಿಕಿತ್ಸೆ ನಡೆದಿತ್ತು. ಸಣ್ಣ ಸೋಂಕನ್ನೂ ತಡೆದುಕೊಳ್ಳುವ ಶಕ್ತಿಯಿಲ್ಲದ ಅವಳಿಗೆ ಹಲ್ಲುಜ್ಜಲೂ ಕುದಿಸಿ ಆರಿಸಿದ ನೀರೇ ಆಗಬೇಕಿತ್ತು.

ಮಾರ್ಲಿಸ್ ನಗುತ್ತಲೇ ಸೋಸುವ ಮುಂಚಿನ ನೀರಿನ ತಟ್ಟೆ ಎತ್ತಿಕೊಂಡಳು. ಅದು ಎಣಿಸಲಾಗದಷ್ಟು ತೂತುಗಳಿಂದ ಜರಡಿಯಾಗಿರಬೇಕಿತ್ತು. ಇದ್ದದ್ದು ನಾಲ್ಕು.

ಎದ್ದು ಹೋಗಿ, ಈ ಸಲದ ಮಾದರಿಗೆ ಬಾಟಲಿ ತೆಗೆದಿದ್ದ ಹೊಸ ಪೆಟ್ಟಿಗೆಯಲ್ಲಿ ಉಳಿದವನ್ನು ನೋಡಿದಳು. ನೀರಿನಲ್ಲಿರುವ ಕ್ಲೋರಿನ್ನನ್ನು ಅಡಗಿಸಲು ಪ್ರತಿ ಬಾಟಲಿಯ ತಳದಲ್ಲೂ ಚಿಟಿಕೆ ಬಿಳಿ ಪುಡಿ ಇರುತ್ತಿತ್ತು. ಇವುಗಳಲ್ಲಿ ಇರಲಿಲ್ಲ. ಇಪ್ಪತ್ತು ವರ್ಷದ ಅಭ್ಯಾಸ. ಅವಳು ತಳ ನೋಡದೆಯೇ ನೀರು ತುಂಬಿದ್ದಳು. ನೀರು ಪರೀಕ್ಷೆಗೆ ಬರುವಷ್ಟರಲ್ಲಿ ಬಾಟಲಿಯೊಳಗೇ ಕ್ಲೋರಿನ್ ವೈರಸ್ಸುಗಳ ಕಥೆ ಮುಗಿಸಿತ್ತು. ಸೋಸುಯಂತ್ರದ ಯೋಗ್ಯತೆ ದೇವರಿಗೇ ಗೊತ್ತು.

ಎಷ್ಟು ವೈರಸ್ ಸುರಿದಿದ್ದರೆಂಬುದು ತಿಳಿದೇ ಇತ್ತು. ನಾಲ್ಕರ ಬದಲು ಆ ಸಂಖ್ಯೆಯನ್ನೇ ಬರೆದರೆ ಕೇಳುವವರು ಯಾರು? ಒಂದು ಗಳಿಗೆ ಪೆನ್ನು ಹಿಡಿದು ಹಾಗೆಯೇ ನಿಂತಳು. ಬಾಗಿಲಾಚೆಗೆ ಹೋಗಿದ್ದ ಆರ್ವಿಡ್ ಫೋನಿನಲ್ಲಿ ಹೆಂಡತಿಯೊಡನೆ ನಗುತ್ತಿದ್ದ. ಮಾರ್ಲಿಸ್‌ಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಆರ್ವಿಡ್, ಫೋನ್ ಇಡ್ಬೇಡ."

"ಯಾಕೇ, ಮುಖ ಹಂಗ್ಯಾಕೆ ಬಿಳಚ್ಕೊಂಡಿದೆ?"

"ಸೋಸೋಕ್ ಮುಂಚಿನ ನೀರಲ್ಲೂ ವೈರಸ್ ಇಲ್ಲ ಕಣೋ. ಬಾಟಲೀಲಿ ಪುಡಿನೇ ಇರ್ಲಿಲ್ಲ. ನಾನು ನೋಡ್ಲಿಲ್ಲ. ಎಲ್ಲಾನೂ ಕ್ಲೋರಿನ್ನೇ ಕೊಂದ್ಹಾಕಿದೆ."

"ಅಂದ್ರೆ ಮಿಷನ್ನು..."

"ಒಳ್ಳೇದೋ ಕೆಟ್ಟದ್ದೋ ಹೇಳಕ್ಕಾಗಲ್ಲ. ಮತ್ತೆ ಮೊದಲಿಂದ ಮಾಡ್ಬೇಕು. ಮೂರು ವಾರ."

"ನಿಂಗೆ ತಪ್ಪು ಮಾಡೋಕೆ ಬೇರೆ ದಿನ ಸಿಗ್ಲಿಲ್ವಾ?"

ಅವನು ಫೋನನ್ನು ಕಿವಿಗೊತ್ತಿಕೊಂಡ. ಕಿವಿ ಮಂದವಾದ್ದರಿಂದ ಅವನ ಫೋನ್ ಯಾವಾಗಲೂ ಜೋರು. ಆ ಕಡೆಯ ಮಾತು ಮಾರ್ಲಿಸ್‌ಗೂ ಸ್ಪಷ್ಟವಾಗಿ ಕೇಳುತ್ತಿತ್ತು.

"ಐಯೋನ್, ಕುಡಿದ್ಬಿಟ್ಯಾ?"

"ಎಲ್ಲಿ? ಎರಡು ಲೋಟ ತುಂಬಿಟ್ಕೊಂಡು ಕೂತಿದೀನಿ. ನೀನು ಬಾ, ಒಟ್ಟಿಗೆ ಕುಡಿಯೋಣ."

ಆರ್ವಿಡ್ ಗೋಡೆಯ ಕಡೆ ತಿರುಗಿದ.

"ಚೆಲ್ಬಿಡು, ಐಯೋನ್."

ಸಿಂಕಿಗೆ ಒಂದು ಲೋಟ ಸುರಿದ ಸದ್ದು ಕೇಳಿಸಿತು. ಎರಡನೆಯ ಲೋಟದ ಸದ್ದಿಗೆ ಆರ್ವಿಡ್ ಮತ್ತು ಮಾರ್ಲಿಸ್ ಬಹಳ ಹೊತ್ತು ಕಾಯಬೇಕಾಯಿತು.