ರಸೀದಿ ಕೊಡಿ ಸಾ

ಡ್ರೈವಿಂಗ್ ಲೈಸೆನ್ಸ್ ಕೈಗೆ ಬಂದಾಗ ಪುಟ್ಟಲಕ್ಷ್ಮಿಗೆ ಮೂವತ್ತೊಂಬತ್ತು ವರ್ಷ. ಗಂಡ ಕೆಂಪಯ್ಯನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗುತ್ತ ಬಂದಿತ್ತು. ಎದುರಿನ ಬಸ್ಸು ತೀರಾ ಹತ್ತಿರ ಬರುವವರೆಗೂ ಕಾಣದೆ ಒಂದು ದಿನ ಗಾಡಿಯನ್ನು ಚರಂಡಿಗೆ ಇಳಿಸಿದ ಮೇಲೆ, ಲಗೇಜ್ ಆಟೋದ ಹ್ಯಾಂಡಲ್ ಅವಳೇ ಹಿಡಿಯಬೇಕಾಯಿತು. ತಗಡೂರಿನ ಸುತ್ತಮುತ್ತಲ ತೋಟಗಳಿಂದ ಬಾಳೆಗೊನೆ ಕೊಂಡು ತಂದು ನರಸೀಪುರದ ಮಂಡಿಯಲ್ಲಿ ಮಾರುವುದು ಆ ಮನೆಯ ಕಸುಬು.

ಆರು ತಿಂಗಳು ಕೆರೆ ಏರಿಯ ಮೇಲೆ ಓಡಿಸಿ ಕಲಿತಳು. ಪರೀಕ್ಷೆಯಲ್ಲಿ ಗಾಡಿಯನ್ನು ಅಂಕಿಯಾಕಾರದಲ್ಲಿ ತಿರುಗಿಸಿ 'ಎಂಟು' ಹಾಕುವಾಗ ಎರಡು ಸಲ ಕಂಬಕ್ಕೆ ತಗುಲಿಸಿ ಫೇಲಾದಳು. ಮೈದಾನದ ಆಚೆ ನಿಂತಿದ್ದ ಏಜೆಂಟನೊಬ್ಬ, "ಮೂರು ಸಾವಿರ ಕೊಡಮ್ಮ, ಎಂಟೂ ಬೇಡ ಒಂಬತ್ತೂ ಬೇಡ" ಎಂದು ಕರೆದಿದ್ದ. ಅವಳು ಅವನತ್ತ ತಿರುಗಿಯೂ ನೋಡಲಿಲ್ಲ. ಮೂರನೇ ಸಲ ಪಾಸಾಗಿ, ಅಂಚೆಯಲ್ಲಿ ಕಾರ್ಡು ಬಂದಾಗ ಅದಕ್ಕೊಂದು ಪ್ಲಾಸ್ಟಿಕ್ ಕವರ್ ಹೊಂದಿಸಿ, ರವಿಕೆಯ ಒಳಗೆ ಪರ್ಸಿನಲ್ಲಿಟ್ಟುಕೊಂಡಳು. ರಸ್ತೆಯಲ್ಲಿ ಯಾರಾದರೂ ತಡೆದು ಕೇಳಲಿ ಎಂಬ ಆಸೆಯೇ ಅವಳಿಗಿತ್ತು.

ನರಸೀಪುರದ ದಾರಿಯಲ್ಲಿ ನಾಲೆಗೊಂದು ಹಳೆಯ ಸೇತುವೆ. ಅದರ ಈಚೆ ತಿರುವಿನಲ್ಲಿ, ಹೊಂಗೆ ಮರದ ನೆರಳಲ್ಲಿ, ಏಎಸ್‌ಐ ಶಿವಸ್ವಾಮಿ ಬೈಕ್ ನಿಲ್ಲಿಸಿಕೊಂಡು ನಿಂತಿರುತ್ತಿದ್ದ. ಜೊತೆಗೆ ಆಶಾರಾಣಿ ಎಂಬ ಕಾನ್ಸ್‌ಟೇಬಲ್. ದಂಡದ ರಸೀದಿ ಮುದ್ರಿಸುವ ಮಷೀನು ಅವಳ ಹೆಗಲಿನಿಂದ ಸುಮ್ಮನೆ ಜೋತು ಬಿದ್ದಿರುತ್ತಿತ್ತು. ಮಂಡಿಗೆ ಹೋಗುವ ಯಾವ ಗಾಡಿಯೂ ಅಲ್ಲಿ ನೂರು ರೂಪಾಯಿ ಕೊಡದೆ ದಾಟುತ್ತಿರಲಿಲ್ಲ.

ಅವಳು ಮೊದಲ ಸಲ ಗಾಡಿ ಹೊಡೆದ ದಿನ ಪಕ್ಕದಲ್ಲಿ ಕೂತಿದ್ದ ಕೆಂಪಯ್ಯ ಸೇತುವೆ ಹತ್ತಿರ ಬರುತ್ತಲೇ, "ನೂರ್ ರೂಪಾಯಿ ಮಡಚಿ ಇಟ್ಕಂಡಿವ್ನಿ ಕಣಮ್ಮಿ. ನಿಲ್ಸಾದೇ ಬ್ಯಾಡ, ವಸಿ ಸ್ಲೋ ಮಾಡು ಸಾಕು," ಎಂದ.

ಅವಳು ನಿಲ್ಲಿಸಿದಳು. ಎಂಜಿನ್ನನ್ನೂ ಆಫ್ ಮಾಡಿ, ಪರ್ಸು ತೆಗೆದು ಕಾರ್ಡನ್ನು ಎರಡು ಕೈಯಲ್ಲಿ ಚಾಚಿದಳು.

"ಏನಮ್ಮ ಇದು?" ಎಂದ ಶಿವಸ್ವಾಮಿ.

"ಡಿಎಲ್ ಸಾ."

"ನಾನು ಕೇಳಿದ್ನಾ?"

ಅವನ ಕೈ ಅವಳನ್ನು ದಾಟಿ ಕೆಂಪಯ್ಯನ ಕಡೆ ಹೋಯಿತು. ನೋಟು ಕೈ ಬದಲಾಯಿಸಿತು. ಅಷ್ಟರಲ್ಲಿ ಹಿಂದಿನ ಗಾಡಿ ಹಾರನ್ ಹೊಡೆಯಿತು. ಪುಟ್ಟಲಕ್ಷ್ಮಿ ನರಸೀಪುರದಲ್ಲಿ ಗೊನೆ ಇಳಿಸುವಾಗ ಒಂದೇ ಒಂದು ಮಾತು ಹೇಳಿದಳು: "ಅವ್ರು ಅದ್ರ ಮುಖಾನೂ ನೋಡ್ನಿಲ್ಲ ಕಣ್ರೀ."

"ಅದೊಂದು ಟೋಲ್ ಇದ್ದಂಗೆ. ಮನ್ಸಿಗಾಕ್ಕಬ್ಯಾಡ," ಎಂದ ಕೆಂಪಯ್ಯ. ಅವಳು ಮನಸ್ಸಿಗೆ ಹಾಕಿಕೊಂಡಳು.

ಮುಂದಿನ ವಾರ ಕೆಂಪಯ್ಯ ಕಣ್ಣು ತೋರಿಸಲು ಮೈಸೂರಿಗೆ ಹೋದ ದಿನ ಅವಳೊಬ್ಬಳೇ ಹೊರಟಳು. ಶಿವಸ್ವಾಮಿ ಕೈ ಚಾಚಿದಾಗ, "ರಸೀದಿ ಕೊಡಿ ಸಾ, ಕೊಡ್ತೀನಿ," ಎಂದಳು.

ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಆದಾಗ ನಕ್ಕ. "ಓಹೋ, ರಸೀದಿ! ಗಾಡಿ ಸೈಡಿಗೆ ಹಾಕಮ್ಮ. ಚೆಕ್ ಮಾಡಬೇಕು. ಟೈಮಾಗುತ್ತೆ."

ಎರಡು ಗಂಟೆ ಆಯಿತು. ಯಾರೂ ಏನನ್ನೂ ಚೆಕ್ ಮಾಡಲಿಲ್ಲ. ಏಪ್ರಿಲ್ ಬಿಸಿಲಿಗೆ ಏಲಕ್ಕಿ ಬಾಳೆಯ ತೊಟ್ಟು ಕಪ್ಪಗಾಯಿತು. ಆಶಾರಾಣಿ ಎರಡು ಸಲ ಅವಳತ್ತ ನೋಡಿ ಕಣ್ಣು ತಪ್ಪಿಸಿದಳು. ಕೊನೆಗೆ ಶಿವಸ್ವಾಮಿ, "ಹೋಗಮ್ಮ, ನಾಳೆ ಬುದ್ಧಿ ಬರುತ್ತೆ," ಎಂದು ಬಿಟ್ಟಾಗ ಮಂಡಿಯಲ್ಲಿ ಹರಾಜು ಮುಗಿದಿತ್ತು. ಗೊನೆಗಳು ಅರ್ಧ ಬೆಲೆಗೆ ಹೋದವು.

ಸಂಜೆ ಕೆಂಪಯ್ಯ ಕೂಗಾಡಿದ. "ಆ ನೂರ್ ರೂಪಾಯ್ಗೆ ಎರಡ್ ಸಾವ್ರ ಕಳ್ದಲ್ಲಮ್ಮಿ!"

"ತಪ್ಪು ಮಾಡಿದ್ರೆ ದಂಡ ಕಟ್ಟುವ. ಮಾಡ್ದೆ ಯಾಕೆ ಕೊಡ್ಬೇಕು?"

"ಮಾಡ್ದೆ? ಎಡಗಡೆ ಇಂಡಿಕೇಟ್ರು ಒಡ್ದು ಆರ್ ತಿಂಗ್ಳಾಯ್ತು. ಅದ್ಕೆ ದಂಡ ಆಕುದ್ರೆ ಐನೂರು. ನೂರ್ರಲ್ಲಿ ಮುಗೀತದಲ್ಲ, ಅದ್ಕೇ ನಾನು ಸುಮ್ಕಿದ್ದೆ."

ಪುಟ್ಟಲಕ್ಷ್ಮಿ ಒಲೆಯ ಮುಂದೆ ಕೂತು ಬಹಳ ಹೊತ್ತು ಯೋಚಿಸಿದಳು. ಕೆಂಪಯ್ಯ ಹೇಳಿದ್ದು ಸುಳ್ಳಲ್ಲ. ಸೇತುವೆ ದಾಟುವ ಎಲ್ಲ ಗಾಡಿಗಳಲ್ಲೂ ಒಂದಲ್ಲ ಒಂದು ಕೊರತೆ ಇತ್ತು: ಒಂದಕ್ಕೆ ಲೈಟಿಲ್ಲ, ಇನ್ನೊಂದಕ್ಕೆ ಇನ್ಶೂರೆನ್ಸ್ ಇಲ್ಲ, ಮತ್ತೊಂದಕ್ಕೆ ಬ್ರೇಕೇ ಸರಿಯಿಲ್ಲ. ಆ ನೂರು ರೂಪಾಯಿ ಶಿವಸ್ವಾಮಿಗೆ ಎಷ್ಟು ಅನುಕೂಲವೋ ತಮಗೂ ಅಷ್ಟೇ ಅನುಕೂಲವಾಗಿದೆ ಎಂದು ಅವಳಿಗೆ ಹೊಳೆಯಿತು. ನಾಚಿಕೆಯಾಯಿತು.

ಮಾರನೆಯ ಬೆಳಿಗ್ಗೆ ಸೇತುವೆ ಹತ್ತಿರ ಐದಾರು ಗಾಡಿ ಸಾಲಾಗಿ ನಿಂತಿದ್ದವು. ಪುಟ್ಟಲಕ್ಷ್ಮಿ ಕೆಳಗಿಳಿದು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಸಾ, ನನ್ ಗಾಡಿ ಎಡಗಡೆ ಇಂಡಿಕೇಟ್ರು ಒಡ್ದೋಗದೆ. ದಂಡ ಆಕಿ, ಕಟ್ತೀನಿ. ರಸೀದಿ ಕೊಡಿ ಸಾ."

ಹಿಂದೆ ಟ್ರ್ಯಾಕ್ಟರಿನ ಮೇಲೆ ಕೂತಿದ್ದ ಜವರಯ್ಯ ಗಟ್ಟಿಯಾಗಿ ನಕ್ಕುಬಿಟ್ಟ. ಶಿವಸ್ವಾಮಿಯ ಮುಖ ಕೆಂಪಾಯಿತು. ಜನ ನೋಡುತ್ತಿದ್ದರು. ತಾನಾಗಿ ತಪ್ಪು ಒಪ್ಪಿಕೊಂಡು ದಂಡ ಕಟ್ಟುತ್ತೇನೆ ಎನ್ನುವವಳನ್ನು ಏನೆಂದು ಗದರಿಸುವುದು?

"ಬರಿ ಆಶಾ, ಐನೂರು ಬರಿ. ಆಸೆ ತೀರಲಿ ಇವಳದ್ದು," ಎಂದು ಆ ಕಡೆ ತಿರುಗಿದ.

ಆಶಾರಾಣಿ ಮಷೀನು ಎತ್ತಿಕೊಂಡು ಬಂದಳು. "ಅಕ್ಕ, ಡಿಎಲ್ ಕೊಡಿ. ನಂಬರ್ ಹಾಕಬೇಕು." ಕಾರ್ಡನ್ನು ಕೈಗೆ ತೆಗೆದುಕೊಂಡು ಓದಿದಳು. ಫೋಟೋ ನೋಡಿದಳು, ಪುಟ್ಟಲಕ್ಷ್ಮಿಯ ಮುಖ ನೋಡಿದಳು. "ಇದೇ ವರ್ಷ ತಗೊಂಡ್ರಾ? ಗೂಡ್ಸ್ ಗಾಡಿ ಓಡಿಸೋ ಹೆಂಗಸರ ಲೈಸೆನ್ಸ್ ನಾನು ನೋಡ್ತಿರೋದು ಇದೇ ಮೊದಲು ಅಕ್ಕ."

"ಎಂಟು ಆಕಾದ್ರಲ್ಲಿ ಎರಡ್ ಸಲ ಬಿದ್ದೆ ಕಣವ್ವ," ಎಂದಳು ಪುಟ್ಟಲಕ್ಷ್ಮಿ. ಇಬ್ಬರಿಗೂ ನಗು ಬಂತು.

ಅಂದು ದಿನದ ಸಂಪಾದನೆಯೆಲ್ಲ ದಂಡಕ್ಕೇ ಹೋಯಿತು. ಆದರೂ ಮಂಡಿಯಿಂದ ಮರಳುವಾಗ ನಂಜನಗೂಡಿಗೆ ಹೋಗಿ ಇಂಡಿಕೇಟರ್ ಹಾಕಿಸಿದಳು, ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಅಂಟಿಸಿದಳು, ಹೊಗೆ ತಪಾಸಣೆ ಮಾಡಿಸಿದಳು. ಮರುದಿನ ಶಿವಸ್ವಾಮಿ ಗಾಡಿಯ ಸುತ್ತ ಮೂರು ಸುತ್ತು ಬಂದು ಏನೂ ಸಿಗದೆ, "ನಿಂತಿರು" ಎಂದು ಒಂದು ಗಂಟೆ ನಿಲ್ಲಿಸಿದ. ಅದರ ಮರುದಿನವೂ ಹಾಗೇ ಆಯಿತು. ಅವಳು ಒಂದು ಗಂಟೆ ಮೊದಲೇ ಮನೆ ಬಿಡತೊಡಗಿದಳು.

ಸೇತುವೆಯ ಆಚೆ ಮಲ್ಲಾಜಮ್ಮನ ಟೀ ಅಂಗಡಿ. ಗಾಡಿಯವರೆಲ್ಲ ಅಲ್ಲಿ ಸೇರುತ್ತಿದ್ದರು. ಮೊದಲ ವಾರ ಅವರಿಗೆ ಪುಟ್ಟಲಕ್ಷ್ಮಿ ಒಂದು ತಮಾಷೆಯಾಗಿದ್ದಳು. "ಐನೂರ್ ರೂಪಾಯಿ ಕೊಟ್ಟು ಚೀಟಿ ತಕ್ಕಂಡೋಳು" ಎಂದೇ ಹೆಸರಾಗಿತ್ತು. ಆದರೆ ಬಿಸಿಲಲ್ಲಿ ಅವಳು ದಿನವೂ ನಿಲ್ಲುವುದನ್ನು ನೋಡಿ ನೋಡಿ ನಗು ಕಡಿಮೆಯಾಯಿತು. ಒಂದು ದಿನ ಮಲ್ಲಾಜಮ್ಮ ಲೋಟ ತೊಳೆಯುತ್ತಾ ಎಲ್ಲರನ್ನೂ ತರಾಟೆಗೆ ತೆಗೆದುಕೊಂಡಳು:

"ಮೀಸೆ ಒತ್ಕಂಡು ಟೀ ಕುಡೀತೀರಲ್ಲ, ಆ ಎಣ್ಮಗಳು ಒಬ್ಳೇ ನಿಂತವ್ಳೆ. ಒಂದಿನ ನೀವೂ ಕೇಳ್ರಪ್ಪ ರಸೀದಿಯ. ಏನ್ ತಲೆ ತಗೀತಾನಾ?"

ಜವರಯ್ಯ ಬೀಡಿ ಆರಿಸಿ ಎದ್ದ. "ಆಗ್ಲಿ, ನಾಳಿಕೆ ನಾನೂ ಕೇಳ್ತೀನಿ ಕಣ್ಲಾ," ಎಂದು ಪಕ್ಕದವನ ಭುಜ ತಟ್ಟಿದ. "ನೀನೂ ಕೇಳ್ಬೇಕು."

ಮರುದಿನ ನಾಲ್ಕು ಗಾಡಿಯವರು ಕೇಳಿದರು. ಆ ಮರುದಿನ ಒಂಬತ್ತು. ಬಸ್ಸುಗಳಿಗೆ ಅಡ್ಡಿಯಾಗಬಾರದೆಂದು ಪುಟ್ಟಲಕ್ಷ್ಮಿ ಎಲ್ಲರನ್ನೂ ರಸ್ತೆಯಿಂದ ಕೆಳಗಿಳಿಸಿ, ನಾಲೆ ಪಕ್ಕದ ಮಣ್ಣಿನ ಜಾಗದಲ್ಲಿ ಒಂದರ ಹಿಂದೊಂದು ನಿಲ್ಲಿಸಿದಳು. ಬಾಳೆ, ತೆಂಗು, ಕೋಸು, ಹುಲ್ಲು ಹೇರಿದ ಗಾಡಿಗಳ ಸಾಲು ತಿರುವಿನಾಚೆವರೆಗೂ ಕಾಣುತ್ತಿತ್ತು. ಯಾರೂ ಕೂಗಲಿಲ್ಲ, ಧಿಕ್ಕಾರ ಹೇಳಲಿಲ್ಲ. ಶಿವಸ್ವಾಮಿ ಹತ್ತಿರ ಬಂದರೆ ಒಬ್ಬೊಬ್ಬರೂ "ರಸೀದಿ ಕೊಡಿ ಸಾ" ಎನ್ನುವರು, ಅಷ್ಟೇ.

ಆ ವಾರದ ಶುಕ್ರವಾರ ನಂಜನಗೂಡಿನ ಕಡೆಯಿಂದ ಬಂದ ಪೊಲೀಸ್ ಜೀಪೊಂದು ಈ ಸಾಲನ್ನು ಕಂಡು ನಿಂತಿತು. ಅದರಿಂದ ಇಳಿದವರು ಹೊಸದಾಗಿ ವರ್ಗವಾಗಿ ಬಂದಿದ್ದ ಇನ್ಸ್‌ಪೆಕ್ಟರ್, ಒಬ್ಬ ಹೆಂಗಸು.

"ಏನ್ರೀ ಇದು, ಮೆರವಣಿಗೆನಾ?"

"ಸುಮ್ನೆ ಗಲಾಟೆ ಮೇಡಂ. ಎಲ್ಲಾ ಓವರ್‌ಲೋಡ್ ಗಾಡಿಗಳು," ಎಂದ ಶಿವಸ್ವಾಮಿ ಸೆಲ್ಯೂಟ್ ಹೊಡೆದು.

"ಹಾಗಾದ್ರೆ ಕೇಸ್ ಹಾಕಿ. ಎಷ್ಟು ಹಾಕಿದೀರಿ?"

ಅವನು ಆಶಾರಾಣಿಯ ಕಡೆ ನೋಡಿದ. ಇನ್ಸ್‌ಪೆಕ್ಟರ್ ಗಾಡಿಯವರ ಕಡೆ ತಿರುಗಿದರು. ಆಗ ನಡೆದದ್ದು ಪುಟ್ಟಲಕ್ಷ್ಮಿಗೆ ಮರೆಯಲಾಗದ್ದು: ಅಷ್ಟೂ ಗಂಡಸರು ತಲೆ ತಗ್ಗಿಸಿ ತಮ್ಮ ಚಪ್ಪಲಿ ನೋಡತೊಡಗಿದರು. ಜವರಯ್ಯನೂ ಕೂಡ. ನಾಳೆ ಇದೇ ಸೇತುವೆ, ಇದೇ ಶಿವಸ್ವಾಮಿ. ಆದರೂ ಅವಳು ಬಾಯಿ ತೆರೆದಳು.

"ನೂರ್ ರೂಪಾಯಿ ಕೊಟ್ರೆ ಬುಡ್ತಾರೆ ಮೇಡಮ್ಮೋರೆ. ರಸೀದಿ ಕೇಳುದ್ರೆ ನಿಲ್ಲುಸ್ತಾರೆ. ನಾವು ರಸೀದಿ ಕೇಳ್ತಾ ನಿಂತಿದೀವಿ."

"ಸುಳ್ಳು ಮೇಡಂ!" ಎಂದ ಶಿವಸ್ವಾಮಿ. "ಸಾಕ್ಷಿ ಯಾರಿದಾರೆ ಕೇಳಿ!"

ಗಾಡಿಯವರ ಕಣ್ಣು ಇನ್ನೂ ಚಪ್ಪಲಿಯ ಮೇಲೇ ಇತ್ತು.

"ನಾನಿದೀನಿ ಮೇಡಂ."

ಅದು ಆಶಾರಾಣಿ. ಮಷೀನನ್ನು ಹೆಗಲಿನಿಂದ ಇಳಿಸಿ ಮುಂದೆ ಚಾಚಿದಳು. "ದಿನಾ ನಲವತ್ತು ಐವತ್ತು ಗಾಡಿ ನಿಲ್ಲಿಸ್ತೀವಿ ಮೇಡಂ. ಈ ತಿಂಗಳು ಇದರಿಂದ ಬಂದಿರೋದು ಹನ್ನೊಂದು ರಸೀದಿ. ನೀವೇ ನೋಡಿ. ನಾನು ಬರೆದೂ ಕೊಡ್ತೀನಿ."

ಇನ್ಸ್‌ಪೆಕ್ಟರ್ ಮಷೀನನ್ನು ತೆಗೆದುಕೊಂಡು ಗುಂಡಿ ಒತ್ತುತ್ತಾ ಸ್ವಲ್ಪ ಹೊತ್ತು ನಿಂತರು. ಆಮೇಲೆ ಶಿವಸ್ವಾಮಿಗೆ, "ಜೀಪ್ ಹತ್ತಿ," ಎಂದರು. ಗಾಡಿಯವರಿಗೆ, "ನೀವೆಲ್ಲ ಹೊರಡಿ, ಮಾಲು ಹಾಳಾಗುತ್ತೆ. ಹೇಳಿಕೆ ಕೊಡೋರು ಸೋಮವಾರ ಠಾಣೆಗೆ ಬನ್ನಿ," ಎಂದರು.

ಸೋಮವಾರ ಎಷ್ಟು ಜನ ಬರುತ್ತಾರೋ ಎಂದು ಪುಟ್ಟಲಕ್ಷ್ಮಿಗೆ ಅನುಮಾನವಿತ್ತು. ಏಳು ಮಂದಿ ಬಂದರು. ತಲೆ ತಗ್ಗಿಸಿದ್ದ ಜವರಯ್ಯ ಎಲ್ಲರಿಗಿಂತ ಮೊದಲೇ ಬಂದು ಬೆಂಚಿನ ಮೇಲೆ ಕೂತಿದ್ದ. "ಅವತ್ತು ಬಾಯೇ ಬರ್ನಿಲ್ಲ ಕಣವ್ವ. ಕ್ಷಮ್ಸುಬುಡು," ಎಂದ. ಅವಳ ಹೇಳಿಕೆ ಬರೆದುಕೊಂಡ ಮೇಲೆ ಕೆಂಪಯ್ಯನೂ ಎದ್ದು ನಿಂತ. ಅವನು ಬರೀ ಜೊತೆಗೆಂದು ಬಂದವನು.

"ನಂದೂ ಬರ್ಕಳಿ ಸಾ. ನಾಕ್ ವರ್ಷ ದಿನಾ ನೂರು ಕೊಟ್ಟಿವ್ನಿ. ಗಾಡಿ ಸರಿ ಮಾಡ್ಸಕ್ಕೆ ಸೋಂಬೇರಿತನ ಬಿದ್ದು ಕೊಟ್ಟಿವ್ನಿ. ಅದನ್ನೂ ಬರ್ಕಳಿ."

ಬರೆಯುತ್ತಿದ್ದ ಪೊಲೀಸಿನವನು ತಲೆ ಎತ್ತಿ ಅವನನ್ನೊಮ್ಮೆ ನೋಡಿ, ಬರೆದುಕೊಂಡ. ಹೊರಗೆ ಬಂದ ಮೇಲೆ ಪುಟ್ಟಲಕ್ಷ್ಮಿ ಮೆಟ್ಟಿಲು ಕಾಣಲೆಂದು ಗಂಡನ ಕೈ ಹಿಡಿದಳು. ಇಳಿದ ಮೇಲೂ ಬಿಡಲಿಲ್ಲ.

ಶಿವಸ್ವಾಮಿ ಅಮಾನತಾದ. ವಿಚಾರಣೆ ಇನ್ನೂ ನಡೆಯುತ್ತಿದೆ. ಅವನು ಮತ್ತೆ ಕೆಲಸಕ್ಕೆ ಬಂದರೂ ಬರಬಹುದು ಎಂದು ಜನ ಆಡಿಕೊಳ್ಳುತ್ತಾರೆ. ಆಶಾರಾಣಿಯನ್ನು ಠಾಣೆಯಲ್ಲಿ ಎರಡು ತಿಂಗಳು ಯಾರೂ ಸರಿಯಾಗಿ ಮಾತಾಡಿಸಲಿಲ್ಲ. ಅವಳು ಬಿಡುವಾದಾಗ ಮಲ್ಲಾಜಮ್ಮನ ಅಂಗಡಿಗೆ ಬಂದು ಕೂರುತ್ತಿದ್ದಳು. ಮಲ್ಲಾಜಮ್ಮ ಅವಳ ಹತ್ತಿರ ಟೀ ಕಾಸು ತೆಗೆದುಕೊಳ್ಳಲು ಒಪ್ಪದಿದ್ದರೆ, "ತಗೋಬೇಕಮ್ಮ, ಇಲ್ದಿದ್ರೆ ನಾನು ಬರಲ್ಲ," ಎಂದು ಹಟ ಹಿಡಿದು ಹತ್ತು ರೂಪಾಯಿ ಇಟ್ಟೇ ಹೋಗುತ್ತಿದ್ದಳು. ಆಮೇಲೆ ಇನ್ಸ್‌ಪೆಕ್ಟರ್ ಅವಳನ್ನು ಮತ್ತೆ ಸೇತುವೆಗೇ ಹಾಕಿದರು. ಜೊತೆಗೆ ಹೊಸ ಏಎಸ್‌ಐ ಬಂದ. ಮಾತು ಕಡಿಮೆ, ಸಿಡುಕು ಮುಖ, ಆದರೆ ಪ್ರತಿಯೊಂದಕ್ಕೂ ಮಷೀನು.

ಮೊದಲ ವಾರವೇ ಸಿಕ್ಕಿಬಿದ್ದವನು ಜವರಯ್ಯ. ಟ್ರ್ಯಾಕ್ಟರಿಗೆ ಮೂರು ವರ್ಷದಿಂದ ಇನ್ಶೂರೆನ್ಸ್ ಇರಲಿಲ್ಲ. ಅಭ್ಯಾಸಬಲದಿಂದ ಅವನ ಕೈ ಜೇಬಿಗೆ ಹೋಗಿ ನೂರರ ನೋಟು ಹಿಡಿದು ಹೊರಬಂತು. ಏಎಸ್‌ಐ ಅದನ್ನು ನೋಡಿ, "ಒಳಗಿಡಿ," ಎಂದು ಎರಡು ಸಾವಿರಕ್ಕೆ ರಸೀದಿ ಹರಿದು ಕೊಟ್ಟ.

ಜವರಯ್ಯ ಟೀ ಅಂಗಡಿಯಲ್ಲಿ ಆ ಚೀಟಿಯನ್ನು ಎಲ್ಲರ ಮುಂದೆ ಆಡಿಸಿದ. "ಇವ್ನಿಗಿಂತ ಅವ್ನೇ ವಾಸಿಯಾಗಿದ್ದ ಕಣ್ರಲಾ! ಎರಡ್ ಸಾವ್ರ! ಇದ್ಕಾ ನಾವು ಬಿಸ್ಲಲ್ಲಿ ನಿಂತಿದ್ದು?"

ಅಂಗಡಿಯಲ್ಲಿದ್ದವರು ಹೊಟ್ಟೆ ಹಿಡಿದು ನಕ್ಕರು. ಮಲ್ಲಾಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ತನ್ನ ಮಾತು ತನಗೇ ಕೇಳಿಸಿದಂತಾಗಿ ಜವರಯ್ಯನಿಗೂ ನಗು ಬಂತು. ಟೀ ಮುಗಿಸಿ, ಟ್ರ್ಯಾಕ್ಟರಿನ ಕಡೆ ಒಮ್ಮೆ ನೋಡಿ, ಮೆಲ್ಲಗೆ ಪುಟ್ಟಲಕ್ಷ್ಮಿಯ ಹತ್ತಿರ ಬಂದ.

"ಅಲ್ಲ ಕಣವ್ವ, ಈ ಇನ್ಶೂರೆನ್ಸ್ ಎಲ್ಲಿ ಮಾಡುಸ್ತಾರೆ? ನಂಗೆ ಆ ಫಾರಂ ಗೀರಂ ಗೊತ್ತಾಗಾಕಿಲ್ಲ."

"ಮಂಡಿ ಮುಗಿಸ್ಕಂಡು ನಂಜನಗೂಡಿಗೆ ಓಯ್ತೀನಿ ಜವರಣ್ಣ. ಆರ್‌ಸಿ ಬುಕ್ಕು ತಕ್ಕಂಡು ಬಾ, ಜೊತೇಲೆ ಓಗುವ," ಎಂದಳು ಪುಟ್ಟಲಕ್ಷ್ಮಿ.

ಜವರಯ್ಯ ಇನ್ಶೂರೆನ್ಸ್ ಇಲ್ಲದ ಟ್ರ್ಯಾಕ್ಟರನ್ನು ಅಂಗಡಿ ಪಕ್ಕಕ್ಕೆ ಹಾಕಿ, ಆರ್‌ಸಿ ತರಲು ಊರ ಕಡೆ ಹೋಗುವ ಬಸ್ಸಿಗೆ ಕೈ ಅಡ್ಡ ಹಿಡಿದ.